‘ಕೇಳಿಲ್ಲ’ ಎಂಬ ಮೂರನೆಯ ಉತ್ತರ

ಈಗ ಆರೋಗ್ಯ ಇಲಾಖೆಯ ಕೆಲಸಕ್ಕೆ ಸೇರುವ ಹುಡುಗಿಯರು ಆಗಾಗ ನಮ್ಮ ಬೆಟಗೇರಿ ಮನೆಗೆ ಬಂದು, "ಅಕ್ಕಾರ, ನಿಮ್ಮ ಕಾಲದಾಗ ಕಂಪ್ಯೂಟರ್ ಇಲ್ದ ಹೆಂಗ ಮಾಡ್ತಿದ್ರಿ?" ಎಂದು ಕೇಳುತ್ತಾರೆ. ಪಾಪ ಅನ್ನುವ ದನಿಯಲ್ಲಿ ಕೇಳುತ್ತಾರಲ್ಲ, ಅದಕ್ಕೇ ನನಗೆ ಸಿಟ್ಟು. ಒಂದು ಕಾಲಂ ಖಾಲಿ ಬಿಟ್ಟರೆ ಅವರ ಯಂತ್ರ ಮುಂದಕ್ಕೆ ಹೋಗಗೊಡುವುದಿಲ್ಲವಂತೆ. ವಯಸ್ಸಿನ ಜಾಗದಲ್ಲಿ ಇನ್ನೂರು ಎಂದು ಹೊಡೆದರೆ ಕೆಂಪಗೆ ತೋರಿಸುತ್ತದಂತೆ. ತೋರಿಸಲಿ, ಒಳ್ಳೆಯದೇ ಆಯಿತು. ಆದರೆ ಯಾವುದನ್ನು ತಡೆಯಬೇಕು, ಯಾವುದನ್ನು ಒಳಗೆ ಬಿಡಬೇಕು ಎಂದು ಆ ಯಂತ್ರಕ್ಕೆ ಯಾರೋ ಹೇಳಿಕೊಟ್ಟಿರಬೇಕಲ್ಲ? ಆ ಹೇಳಿಕೊಡುವ ಕೆಲಸ ಎಷ್ಟು ಕಷ್ಟದ್ದು ಎಂಬುದನ್ನು ಇಲ್ಲಿ ಬರೆಯುತ್ತೇನೆ. ನನ್ನ ಬಡ್ತಿ, ಬೀಳ್ಕೊಡುಗೆಯ ಶಾಲು ಎಲ್ಲ ಬಿಟ್ಟುಬಿಡಿ, ಅದರಿಂದ ಯಾರಿಗೂ ಏನೂ ಪ್ರಯೋಜನವಿಲ್ಲ.

ನಾನು ಎಪ್ಪತ್ತರ ದಶಕದ ಕೊನೆಗೆ ಮಲೇರಿಯಾ ಪ್ರಯೋಗಾಲಯಕ್ಕೆ ಸೇರಿದವಳು. ರಕ್ತದ ಸ್ಲೈಡು ನೋಡುವುದು ನನ್ನ ಕೆಲಸ. ಗದಗ ಆಗ ಇನ್ನೂ ಧಾರವಾಡ ಜಿಲ್ಲೆಯಲ್ಲಿತ್ತು. ಹೋದ ಜ್ವರ ಮತ್ತೆ ತಿರುಗಿ ಬಂದಿದ್ದ ಕಾಲ ಅದು. ನಾನು ನೇಕಾರರ ಮನೆಯ ಮಗಳು, ಮಗ್ಗದ ಸದ್ದನ್ನು ಮೀರಿಸಿ ಮಾತಾಡಿ ಬೆಳೆದವಳು, ಹಾಗಾಗಿ ದನಿ ಸ್ವಲ್ಪ ದೊಡ್ಡದು. ಕಚೇರಿಯಲ್ಲಿ ನನ್ನನ್ನು ಬೆನ್ನ ಹಿಂದೆ ಏನೆಂದು ಕರೆಯುತ್ತಿದ್ದರು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಕೆಲಸದ ರೀತಿ ಹೀಗೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಈ ನಾಲ್ಕು ಕಡೆಯೂ ಒಂದೊಂದು ದಫ್ತರ, ಒಬ್ಬೊಬ್ಬ ಮಲೇರಿಯಾ ಇನ್ಸ್‌ಪೆಕ್ಟರು. ಅವರ ಕೈಕೆಳಗಿನ ಕಾರ್ಯಕರ್ತರು ಚೀಲ ಹಾಕಿಕೊಂಡು ಮನೆಮನೆಗೆ ಹೋಗುವರು. ಯಾರಿಗಾದರೂ ಜ್ವರ ಇದ್ದರೆ ಬೆರಳು ಚುಚ್ಚಿ, ಗಾಜಿನ ಮೇಲೆ ರಕ್ತ ಹಚ್ಚಿ, ಒಂದು ಚೀಟಿ ಬರೆದು, ಸದ್ಯಕ್ಕೆ ಎಂದು ಬಿಳಿ ಗುಳಿಗೆ ಕೊಟ್ಟು ಬರುವರು. ಸ್ಲೈಡು ಮತ್ತು ಚೀಟಿ ಬಸ್ಸಿನಲ್ಲಿ ನನ್ನ ಬಳಿ ಬರುವುದು. ರಕ್ತದಲ್ಲಿ ರೋಗಾಣು ಕಂಡರೆ ಆ ಹೆಸರು ತಿರುಗಿ ಆ ಊರಿಗೆ ಹೋಗುವುದು. ಆಮೇಲೆ ಕಾರ್ಯಕರ್ತ ಅವರಿಗೆ ಐದು ದಿನದ ಇನ್ನೊಂದು ಗುಳಿಗೆ ಕೊಡಬೇಕು. ಒಳಗೆ ಅಡಗಿ ಕೂತ ರೋಗವನ್ನು ಬೇರುಸಹಿತ ತೆಗೆಯುವ ಗುಳಿಗೆ ಅದು, ಜೋರು ಗುಳಿಗೆ. ಬಸುರಿಯರಿಗೆ ಮಾತ್ರ ಅದನ್ನು ಕೊಡಕೂಡದು. ಆದೇಶದಲ್ಲಿ ಹಾಗೆಂದು ಸ್ಪಷ್ಟವಾಗಿ ಬರೆದಿತ್ತು. ಆದರೆ ಚೀಟಿಯಲ್ಲಿ ಅದನ್ನು ಕೇಳುವ ಜಾಗವೇ ಇರಲಿಲ್ಲ.

ಚೀಟಿಗಳ ಅವಾಂತರ ಹೇಳಿದರೆ ನೀವು ನಗುತ್ತೀರಿ. ಮುಂಡರಗಿಯವರು ಅಡ್ಡಹೆಸರು ಮಾತ್ರ ಬರೆಯುವರು. ‘ಉಳ್ಳಾಗಡ್ಡಿ, ವಯಸ್ಸು ಮೂವತ್ತು.’ ಅಲ್ಲಿ ಒಂದು ಓಣಿಯ ತುಂಬ ಉಳ್ಳಾಗಡ್ಡಿಯವರೇ ಇದ್ದರೆ ನಾನು ಯಾವ ಉಳ್ಳಾಗಡ್ಡಿಗೆ ಗುಳಿಗೆ ಕಳಿಸಲಿ? ಲಕ್ಷ್ಮೇಶ್ವರದವರು ವಯಸ್ಸಿನ ಜಾಗದಲ್ಲಿ ‘ಮುದುಕಿ’ ಎಂದು ಬರೆದು ಮುಗಿಸುವರು. ಶಿರಹಟ್ಟಿಯಿಂದ ಒಮ್ಮೆ ಬಸವ್ವ ಎಂಬುವಳ ಚೀಟಿ ಬಂತು, ವಯಸ್ಸು ನಾಲ್ಕು, ಕೆಳಗೆ ಗಂಡನ ಹೆಸರು. ನಲವತ್ತರಲ್ಲಿ ಒಂದು ಸೊನ್ನೆ ತಿಂದಿದ್ದರು. ನಮ್ಮ ಬೆಟಗೇರಿಯವರೇನು ಕಡಿಮೆಯಲ್ಲ, ಮಗ್ಗದ ಯಜಮಾನನ ಹೆಸರು ಬರೆದು ಅಲ್ಲಿ ಕೂಲಿ ನೇಯುವವರನ್ನೆಲ್ಲ ಅವನ ಮನೆಯವರೆಂದೇ ಸೇರಿಸಿಬಿಡುತ್ತಿದ್ದರು. ಇಂಥ ತಪ್ಪುಗಳನ್ನು ನಾನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ತಿರುಗಿಸಿ ಕಳಿಸುತ್ತಿದ್ದೆ. ನಾಲ್ಕೂ ಕಡೆಯವರು ಬೈದುಕೊಂಡು ತಿದ್ದುತ್ತಿದ್ದರು. ಅಲ್ಲಿಯವರೆಗೆ ಅದೊಂದು ತಮಾಷೆಯ ಜಗಳವಾಗಿಯೇ ಇತ್ತು.

ಬೆಳ್ಳಟ್ಟಿಯ ಗಂಗವ್ವನಿಂದ ಅದು ತಮಾಷೆಯಾಗಿ ಉಳಿಯಲಿಲ್ಲ. ಬೆಳ್ಳಟ್ಟಿ ಶಿರಹಟ್ಟಿ ದಫ್ತರಕ್ಕೆ ಸೇರಿದ ಊರು. ಅವಳ ಚೀಟಿ ಎಲ್ಲ ರೀತಿಯಿಂದ ಸರಿಯಾಗಿತ್ತು, ಹೆಸರು, ಅಡ್ಡಹೆಸರು, ವಯಸ್ಸು, ಮನೆ ನಂಬರು ಎಲ್ಲ ಇತ್ತು. ರಕ್ತದಲ್ಲಿ ರೋಗಾಣು ಇತ್ತು, ನಾನೇ ನೋಡಿ ಬರೆದೆ. ಹನಮಂತಪ್ಪ ಎಂಬ ಕಾರ್ಯಕರ್ತ ಗುಳಿಗೆ ಕೊಟ್ಟ, ಅವಳು ನುಂಗಿದಳು. ಅವಳಿಗೆ ಮೂರು ತಿಂಗಳು ನಡೆದಿತ್ತು. ಕಣ್ಣು ಹಳದಿಯಾಗಿ, ಮೂತ್ರ ಕಪ್ಪಾಗಿ, ಎತ್ತಿನ ಗಾಡಿ, ಆಮೇಲೆ ಬಸ್ಸು ಅಂತ ಗದಗಿನ ಆಸ್ಪತ್ರೆಗೆ ತರುವಷ್ಟರಲ್ಲಿ ಹೊಟ್ಟೆಯ ಕೂಸು ಹೋಗಿತ್ತು.

ಸುದ್ದಿ ಕೇಳಿ ನಾನು ಓಡಿದೆ. ಗಂಗವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಪಕ್ಕದಲ್ಲಿ ಅವಳ ಅತ್ತೆ ಸೆರಗಿನಿಂದ ಗಾಳಿ ಹಾಕುತ್ತ ಕೂತಿದ್ದಳು.

"ಬಸುರಿ ಅಂತ ಅವಂಗ ಯಾಕ ಹೇಳ್ಲಿಲ್ಲರಿ?" ಎಂದು ಕೇಳಿದೆ.

"ಯಾರ ಕೇಳ್ಯಾರ್ರಿ ನಮ್ಮನ್ನ?" ಎಂದಳು ಅತ್ತೆ. "ಸರಕಾರದಾಂವ ಬಂದ, ಕೊಟ್ಟ, ನುಂಗಿದ್ಲು. ಐದ ತಿಂಗಳಾಗಿ ಕುಬಸಾ ಮಾಡೋಕಿಂತ ಮೊದ್ಲ ಊರೆಲ್ಲಾ ಸಾರ್ಕೋತ ಹೋಗಾಕ ಬರ್ತೈತೇನ್ರಿ?"

ಗಂಗವ್ವ ಗೋಡೆಯ ಕಡೆಯಿಂದ ತಿರುಗದೆಯೇ, "ಕೇಳಿದ್ರ ಹೇಳ್ತಿದ್ನಿರಿ," ಎಂದಳು. ನಾನು ಹೊರಡುವಾಗ ಮಾತ್ರ ಒಮ್ಮೆ ತಿರುಗಿ ನನ್ನ ಮುಖ ನೋಡಿದಳು.

ಆಸ್ಪತ್ರೆಯಿಂದ ಬಂದವಳೇ ನೇರ ಹನಮಂತಪ್ಪನನ್ನು ಕರೆಸಿ ತರಾಟೆಗೆ ತೆಗೆದುಕೊಂಡೆ. ಅವನು ಅಳುಬುರುಕನಲ್ಲ, ಆದರೂ ಕಣ್ಣೊರೆಸಿಕೊಂಡ. "ಅಕ್ಕಾರ, ನಾ ಗಂಡಸ ಅದೀನ್ರಿ. ಮಂದಿ ಮನಿ ಹೊಸಾ ಸೊಸಿಗೆ ‘ತಿಂಗಳ ನಿಂತೈತೇನ’ ಅಂತ ಹೆಂಗ ಕೇಳ್ಲಿ? ಕೇಳಿದ್ರ ಆಕಿ ಮಾವ ನನ್ನ ಕಾಲ ಮುರೀತಾನ್ರಿ." ಅವನು ಹೇಳಿದ್ದು ಖರೆಯೇ ಇತ್ತು. ಡಾಕ್ಟರುಗಳಂತೂ ಇದು ಗುಳಿಗೆಯಿಂದಲೇ ಆಯಿತೋ, ಜ್ವರದಿಂದ ಆಯಿತೋ ಖಚಿತವಾಗಿ ಹೇಳಲಾಗದು ಎಂದರು. ಹೇಳಲಾಗದಿದ್ದರೆ ಬೇಡ. ಇನ್ನೊಬ್ಬಳಿಗೆ ಹೀಗಾಗಕೂಡದು ಎಂದು ನಾನು ಅವತ್ತೇ ಹಟ ಹಿಡಿದೆ.

ನಮ್ಮ ಮೇಲಧಿಕಾರಿ ಜೋಶಿ ಡಾಕ್ಟರು. ಧಾರವಾಡದ ಕಡೆಯವರು, ಅವರ ಮನೆತನದ ಹಿಂದಿನವರೆಲ್ಲ ಗುಡಿಯ ಪೂಜೆ ಮತ್ತು ಮಾಸ್ತರಿಕೆ ಮಾಡಿಕೊಂಡು ಬಂದವರು. ಮನುಷ್ಯ ಒಳ್ಳೆಯವರು, ಆದರೆ ಕಾಗದ ಅಂದರೆ ಮಂತ್ರ ಎಂದು ತಿಳಿದವರು, ಒಂದಕ್ಷರ ಹೆಚ್ಚಿಸಲೂ ಒಪ್ಪರು. ‘ಗರ್ಭಿಣಿಯೇ?’ ಎಂದು ಒಂದು ಕಾಲಂ ಸೇರಿಸಿ, ಅದು ತುಂಬದ ಹೆಂಗಸರ ಚೀಟಿ ತೆಗೆದುಕೊಳ್ಳುವುದು ಬೇಡ ಎಂದು ನಾನು ಹೇಳಿದಾಗ, "ಸರೋಜಾಬಾಯಿ, ಛಾಪಿಸಿದ ಚೀಟಿಗೆ ನಾವು ಬಾಲಾ ಹಚ್ಚಲಿಕ್ಕೆ ಬರೂದಿಲ್ಲ," ಎಂದುಬಿಟ್ಟರು. ನಾನು ರಬ್ಬರ್ ಸ್ಟಾಂಪು ಮಾಡಿಸೋಣ ಎಂದೆ. ಆಗದು ಎಂದರು. ದಿನಾ ಬೆಳಿಗ್ಗೆ ಅವರ ಟೇಬಲ್ಲಿನ ಮುಂದೆ ನಿಂತು ಅದನ್ನೇ ಹೇಳಿದೆ. ಕೊನೆಗೆ ಒಂದು ದಿನ, "ನಿಮ್ಮ ಕಾಟ ತಪ್ಪಿಸ್ಕೊಳ್ಳಿಕ್ಕರೆ ಮಾಡಿಸ್ರಿ ಮಾರಾಯ್ತಿ," ಎಂದು ಸಹಿ ಹಾಕಿದರು.

ಸಹಿ ಹಾಕಿದ್ದೇ ತಡ, ಅವರಿಗೆ ಹುಮ್ಮಸ್ಸು ನನ್ನದಕ್ಕಿಂತ ಹೆಚ್ಚು ಬಂತು. ಬಾಕಿ ಉಳಿದ ಹಳೆಯ ಚೀಟಿಗಳಲ್ಲಿ ಹೆಂಗಸರದೆಲ್ಲ ತೆಗೆದು ವಾಪಸು ಕಳಿಸಿರಿ, ಕಾಲಂ ತುಂಬಿಕೊಂಡು ಬರಲಿ ಎಂದು ಆಜ್ಞೆ ಮಾಡಿದರು. ಬೇಡ ಎಂದರೂ ಕೇಳಲಿಲ್ಲ. ಚೀಟಿಗಳು ಮೂಟೆ ಮೂಟೆಯಾಗಿ ಬಸ್ಸು ಹತ್ತಿದವು. ಮುಂಡರಗಿಗೆ ಹೊಸ ನಿಯಮ ಮುಟ್ಟಿತ್ತು, ಶಿರಹಟ್ಟಿಗೆ ಇನ್ನೂ ಮುಟ್ಟಿರಲಿಲ್ಲ, ಲಕ್ಷ್ಮೇಶ್ವರದಲ್ಲಿ ಸ್ಟಾಂಪು ಇತ್ತು, ಶಾಯಿ ಇರಲಿಲ್ಲ. ಒಂದು ಕಡೆಯವರು ಹೊಸ ರೀತಿ, ಇನ್ನೊಂದು ಕಡೆಯವರು ಹಳೆ ರೀತಿ ಬರೆದು ಕಳಿಸುವುದು, ನಾವು ತಿರುಗಿಸುವುದು, ಅವರು ಮತ್ತೆ ಅದನ್ನೇ ಕಳಿಸುವುದು. ಜ್ವರದವರು ಊರಲ್ಲಿ ನಡುಗುತ್ತ ಮಲಗಿದ್ದರೆ ಅವರ ಸ್ಲೈಡು ಬಸ್ಸಿನಲ್ಲಿ ತಿರುಗಾಡುತ್ತಿತ್ತು. ನನ್ನ ಟೇಬಲ್ಲು ಖಾಲಿ. ಮುಂಡರಗಿಯ ಇನ್ಸ್‌ಪೆಕ್ಟರು ಬಂದು, "ಅಕ್ಕಾರ, ರೋಗಾ ಹಿಡಿಯೋ ಕೆಲಸಾ ಬಿಟ್ಟು ಚೀಟಿ ಹಿಡಿಯೋ ಕೆಲಸಾ ಹಚ್ಚೀರೇನ್ರಿ?" ಎಂದು ಕೂಗಾಡಿ ಹೋದರು. ಅವರ ಸಿಟ್ಟಿನಲ್ಲಿ ತಪ್ಪಿರಲಿಲ್ಲ.

ಆಗ ನಾನು ಜೋಶಿ ಸಾಹೇಬರಿಗೆ ಕಡ್ಡಿ ಮುರಿದ ಹಾಗೆ ಹೇಳಿದೆ. ಹಳೆಯದನ್ನು ಹೇಗಿದೆಯೋ ಹಾಗೆ ಒಳಗೆ ತೆಗೆದುಕೊಳ್ಳೋಣ, ಅದರಲ್ಲಿ ರೋಗ ಕಂಡ ಹೆಂಗಸರನ್ನಷ್ಟೇ ಹುಡುಕಿ ಕೇಳಿಸೋಣ. ಹೊಸ ನಿಯಮ ನಾಲ್ಕೂ ಕಡೆ ಒಂದೇ ದಿನ ಶುರುವಾಗಲಿ. ಯಾವ ದಿನ ಎಂದರು. ಅಮಾವಾಸ್ಯೆಯ ಮರುದಿನ ಎಂದೆ. ಅಮಾವಾಸ್ಯೆಗೆ ನಮ್ಮ ನೇಕಾರರ ಮಗ್ಗ ನಿಲ್ಲುತ್ತದೆ, ಹೊಲದವರು ಎತ್ತು ಹೂಡುವುದಿಲ್ಲ. ಇಂಗ್ಲಿಷ್ ತಾರೀಖು ಮರೆಯುವ ಕಾರ್ಯಕರ್ತನೂ ಅಮಾವಾಸ್ಯೆ ಮರೆಯುವುದಿಲ್ಲ. ಜೋಶಿ ಡಾಕ್ಟರು ಪಂಚಾಂಗ ತೆಗೆದು ನೋಡಿ ಖುಷಿಯಾದರು. ಆ ವಿಷಯದಲ್ಲಿ ಅವರನ್ನು ಒಪ್ಪಿಸುವುದು ಸುಲಭವಾಯಿತು. ಈಗಿನ ಮಕ್ಕಳಿಗೆ ಇದನ್ನೇ ಹೇಳುತ್ತೇನೆ, ಹೊಸ ನಿಯಮವನ್ನು ಹೊಸದಕ್ಕೆ ಹಚ್ಚಿರಿ, ಹಳೆಯದನ್ನು ಮೆಲ್ಲಗೆ ಆಮೇಲೆ ತೊಳೆಯಿರಿ. ಎರಡನ್ನೂ ಒಟ್ಟಿಗೆ ಮಾಡಲು ಹೋದರೆ ಕಚೇರಿ ನಿಂತುಹೋಗುತ್ತದೆ.

ಅಮಾವಾಸ್ಯೆ ಆಯಿತು. ಚೀಟಿಗಳು ಬಂದವು. ಒಂದೂ ಕಾಲಂ ಖಾಲಿ ಇರಲಿಲ್ಲ. ಜೋಶಿ ಡಾಕ್ಟರು ಬೀಗುತ್ತ, "ನೋಡ್ರಿ, ಶಿಸ್ತು ಅಂದ್ರ ಹೀಂಗ!" ಎಂದರು. ನಾನು ಚೀಟಿಗಳನ್ನು ಒಂದೊಂದೇ ತಿರುವಿದೆ. ಇಲ್ಲ. ಇಲ್ಲ. ಇಲ್ಲ. ಶಿರಹಟ್ಟಿಯಿಂದ ಇಲ್ಲ, ಲಕ್ಷ್ಮೇಶ್ವರದಿಂದ ಇಲ್ಲ. ಹಲ್ಲುದುರಿದ ಅಜ್ಜಿಯೂ ಇಲ್ಲ, ಮುಂಡರಗಿಯ ಒಬ್ಬ ಪೈಲವಾನನೂ ಗರ್ಭಿಣಿ ಇಲ್ಲ! ನಾಲ್ಕು ಕಡೆಯ ಇಷ್ಟೂ ಊರುಗಳಲ್ಲಿ ಜ್ವರ ಬಂದ ಒಬ್ಬ ಹೆಂಗಸೂ ಬಸುರಿಯಿಲ್ಲ ಅಂದರೆ ಯಾರು ನಂಬುತ್ತಾರೆ? ಮೊದಲಾದರೂ ನಮಗೆ ಗೊತ್ತಿಲ್ಲ ಎಂಬುದು ಗೊತ್ತಿತ್ತು. ಈಗ ಗೊತ್ತಿಲ್ಲದ್ದಕ್ಕೆಲ್ಲ ‘ಇಲ್ಲ’ ಎಂದು ಮುದ್ರೆ ಬಿದ್ದಿತ್ತು. ಈ ಕಾಗದ ಹಿಡಿದು ಗುಳಿಗೆ ಕೊಟ್ಟರೆ ಗಂಗವ್ವನಂಥವರು ಇನ್ನೆಷ್ಟು ಮಂದಿಯೋ!

ಕಾರ್ಯಕರ್ತರನ್ನು ಬೈದು ಉಪಯೋಗವಿರಲಿಲ್ಲ. ಎರಡೇ ಉತ್ತರ ಕೊಟ್ಟು, ಕಾಲಂ ತುಂಬದಿದ್ದರೆ ಚೀಟಿ ವಾಪಸು ಎಂದರೆ, ಕೇಳಲಾಗದವನು ಏನು ಮಾಡಿಯಾನು? ಚೀಟಿ ದಾಟುವ ಉತ್ತರವನ್ನೇ ಬರೆಯುತ್ತಾನೆ. ನಾನು ಮತ್ತೆ ಸಾಹೇಬರ ಟೇಬಲ್ಲಿನ ಮುಂದೆ ನಿಂತೆ.

"ಮೂರನೇ ಉತ್ತರ ಒಂದ ಬೇಕ್ರಿ ಸಾಹೇಬ್ರ. ‘ಕೇಳಿಲ್ಲ’ ಅಂತ."

ಅವರು ಕನ್ನಡಕ ತೆಗೆದಿಟ್ಟರು. "ಏನಂದ್ರಿ? ಸರಕಾರದ ಕಾಗದದೊಳಗ ‘ನಾ ನನ್ನ ಕೆಲಸಾ ಮಾಡಿಲ್ಲ’ ಅಂತ ಬರೀಲಿಕ್ಕೆ ಒಂದು ಜಾಗಾ ಮಾಡಿ ಕೊಡ್ಬೇಕೇನು?"

"ಹೌದ್ರಿ. ಜಾಗಾ ಇರದಿದ್ರ ಸುಳ್ಳ ಬರೀತಾರ."

"ನಾಳೆ ಎಲ್ಲಾರೂ ಅದನ್ನ ಬರೀತಾರ. ಆಮ್ಯಾಲೆ?"

"ಬರೀಲಿ ಬಿಡ್ರಿ. ‘ಕೇಳಿಲ್ಲ’ ಅಂತ ಇದ್ರ ಸ್ಲೈಡ್ ನಾ ನೋಡ್ತೀನಿ, ರೋಗಾ ಐತಿಲ್ಲೋ ಹೇಳ್ತೀನಿ. ಆದ್ರ ಐದು ದಿನದ ಗುಳಿಗಿ ಮಾತ್ರ ನರ್ಸ್‌ಬಾಯಿ ಹೋಗಿ ಕೇಳಿ ಸಹಿ ಮಾಡೋತನಕಾ ಹೋಗಾಂಗಿಲ್ಲ. ಅಲ್ಲೀತನಕಾ ಬಿಳಿ ಗುಳಿಗಿನ ಸಾಕು."

"ಮ್ಯಾಲಿನವರು ಕೇಳಿದ್ರ ನಾ ಏನು ಹೇಳ್ಲಿ?"

"ಸರೋಜಾಗ ತಲಿ ಕೆಟ್ಟೈತಿ ಅಂತ ಹೇಳ್ರಿ."

ಅವರು ನಕ್ಕುಬಿಟ್ಟರು. ನಾನು ನಗಲಿಲ್ಲ. ಗಂಗವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದನ್ನು ಹೇಳಿದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡು, ಸ್ಟಾಂಪು ತಿದ್ದಿಸಲು ಒಪ್ಪಿಕೊಂಡರು. ಅವರ ಹಣೆಬರಹವೂ ನನ್ನ ಜೊತೆ ಸೇರಿಕೊಂಡಿತ್ತು, ಪಾಪ.

ಮುಂದಿನ ಅಮಾವಾಸ್ಯೆಯಿಂದ ಚೀಟಿಗಳ ಬಣ್ಣವೇ ಬದಲಾಯಿತು. ಮೊದಮೊದಲು ಬರೀ ‘ಕೇಳಿಲ್ಲ.’ ಓದಿ ಸಾಹೇಬರ ಮುಖ ಹುಳ್ಳಗಾಯಿತು. ನರ್ಸ್‌ಬಾಯಿಯರು ತಿರುಗಿ ತಿರುಗಿ ಕಾಲು ನೋವಾಯಿತು ಎಂದು ನನ್ನ ಜೊತೆ ಜಗಳಕ್ಕೆ ಬಂದರು. ಚಹಾ ಕುಡಿಸಿ ಸಮಾಧಾನ ಮಾಡಿ ಕಳಿಸಿದೆ. ಆದರೆ ಅವರು ಕೇಳಿಕೊಂಡು ಬಂದ ಉತ್ತರದಲ್ಲಿ ‘ಹೌದು’ಗಳು ಕಾಣಿಸಿಕೊಂಡವು. ಒಂದೊಂದು ‘ಹೌದು’ ನೋಡಿದಾಗಲೂ ಒಬ್ಬಳು ಉಳಿದಳು ಎಂದು ನನಗೆ ಸಮಾಧಾನ. ಹನಮಂತಪ್ಪ ಒಮ್ಮೆ ಗದಗಿಗೆ ಬಂದವನು, "ಈಗ ಛಲೋ ಆತ ನೋಡ್ರಿ ಅಕ್ಕಾರ, ಸುಳ್ಳ ಬರಿಯೋದ ತಪ್ತು," ಎಂದ.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡಿದ್ದೆ. ಸಾಹೇಬರು ಇನ್ನೊಂದು ನಿಯಮ ತಂದರು. ಮನೆ ನಂಬರು ಇಲ್ಲದ ಚೀಟಿ ಮುಟ್ಟಕೂಡದು. ಒಬ್ಬ ಮನುಷ್ಯನಿಗೆ ಒಂದೇ ಮನೆ, ಒಂದೇ ನಂಬರು, ಒಬ್ಬರೇ ಎರಡು ದಫ್ತರದಲ್ಲಿ ಎಣಿಕೆಯಾಗಬಾರದು. ಕೇಳಲು ನೆಟ್ಟಗೇ ಇದೆ. ಆದರೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಎರಡು ಮನೆ, ಕೆಲವರಿಗೆ ಎರಡು ಹೆಸರು. ಮದುವೆಯಾದಾಗ ಗಂಡನ ಮನೆಯವರು ಹೊಸ ಹೆಸರು ಇಡುತ್ತಾರೆ, ತವರಿಗೆ ಬಂದರೆ ಹಳೆಯ ಹೆಸರೇ. ಜ್ವರ ಬಂತೆಂದರೆ ತವರಿಗೆ ಬರುವವರೇ ಹೆಚ್ಚು, ಸಾಹೇಬರಿಗೆ ಅದು ಹೊಳೆಯಲಿಲ್ಲ.

ಒಂದು ದಿನ ಗದಗ ದಫ್ತರದ ಮುಳಗುಂದದಿಂದ ಬಂದ ಚೀಟಿಯೊಂದನ್ನು ಸಾಹೇಬರು ವಾಪಸು ಹೋಗುವ ಕಟ್ಟಿನಲ್ಲಿ ಇಟ್ಟಿದ್ದರು. ಹೆಸರು ಶಾಂತವ್ವ. ನಂಬರಿನ ಜಾಗದಲ್ಲಿ ‘ತವರಿಗೆ ಬಂದಾಕಿ’ ಎಂದು ಬರೆದಿತ್ತು. ಗರ್ಭಿಣಿಯೇ ಎಂಬಲ್ಲಿ ‘ಕೇಳಿಲ್ಲ.’ ನಾನು ಅದನ್ನು ಕಟ್ಟಿನಿಂದ ಎಳೆದುಕೊಂಡೆ.

"ನಂಬರ್ ಇಲ್ಲ ಅದಕ್ಕ," ಎಂದರು ಸಾಹೇಬರು.

"ಜ್ವರಕ್ಕೇನ ನಂಬರ್ ಬೇಕೇನ್ರಿ?" ಎಂದು ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ರೋಗಾಣು ತುಂಬಿ ತುಳುಕುತ್ತಿತ್ತು. ಸಾಹೇಬರನ್ನೇ ಕರೆದು ತೋರಿಸಿದೆ. ನೋಡಿ, ಅವರೇ ಚೀಟಿಯ ಮೇಲೆ ‘ತವರು’ ಎಂದು ಬರೆದು ಸಹಿ ಮಾಡಿದರು. ಮುಂದೆ ಅದೇ ನಿಯಮವಾಯಿತು.

ಈಗ ಯಾರಾದರೂ ಹೋಗಿ ಕೇಳಬೇಕಿತ್ತು. ಮುಳಗುಂದದ ನರ್ಸ್‌ಬಾಯಿ ತಾನೇ ಬಾಣಂತನಕ್ಕೆ ಹೋಗಿದ್ದಳು. ರವಿವಾರ ನಾನೇ ಬಸ್ಸು ಹತ್ತಿದೆ. ಬರಿಗೈಯಲ್ಲಿ ಹೋಗುವುದು ಬೇಡ ಎಂದು ಎರಡೂ ಬಗೆಯ ಗುಳಿಗೆ ಚೀಲದಲ್ಲಿ ಹಾಕಿಕೊಂಡೆ. ಮನೆ ಹುಡುಕಿ ಹೋದರೆ ಆಕೆಯ ತಾಯಿ "ಬರ್ರಿ, ಕುಂಡ್ರಿ," ಎಂದು ಚಾಪೆ ಹಾಸಿ, "ಶಾಂತೀ, ದವಾಖಾನಿಯಾರು ಬಂದಾರ ನೋಡ," ಎಂದು ಒಳಗೆ ಕೂಗಿದಳು.

ಕಂಬಳಿ ಹೊದ್ದುಕೊಂಡು ಹೊರಗೆ ಬಂದವಳು ಬೆಳ್ಳಟ್ಟಿಯ ಗಂಗವ್ವ.

ಅವಳೂ ನನ್ನ ಗುರುತು ಹಿಡಿದಳು. ತಾಯಿಯನ್ನು ಚಹಾದ ನೆವ ಮಾಡಿ ಒಳಗೆ ಕಳಿಸಿದೆ. ಮೆಲ್ಲಗೆ ಕೇಳಿದೆ, "ಏನರ ಐತೇನವಾ?"

"ಇಲ್ಲರಿ," ಎಂದಳು. ತಟ್ಟನೆ ಎಂದಳು, ನೆಲ ನೋಡುತ್ತ ಎಂದಳು.

ಕೇಳಿದರೆ ಹೇಳುತ್ತಿದ್ದೆ ಎಂದವಳು ಇವಳೇ. ಒಮ್ಮೆ ಕಳೆದುಕೊಂಡವಳು ಮತ್ತೆ ನಿಂತದ್ದನ್ನು ಹೆತ್ತ ತಾಯಿಗೂ ಹೇಳಲು ಹೆದರುತ್ತಾಳೆ, ಬಾಯಿ ಬಿಟ್ಟರೆ ದೃಷ್ಟಿ ತಾಗೀತು ಎಂದು ಹೆದರುತ್ತಾಳೆ. ಖರೆಯೇ ಇಲ್ಲವೋ, ಹೆದರಿ ಇಲ್ಲ ಎನ್ನುತ್ತಾಳೋ, ನನಗೆ ತಿಳಿಯದು. ‘ಇಲ್ಲ’ ಎಂದು ಬರೆದು, ಗುಳಿಗೆ ಕೊಟ್ಟು, ಮಧ್ಯಾಹ್ನದ ಬಸ್ಸಿಗೆ ಹೋಗಬಹುದಿತ್ತು. ನಿಯಮದ ಪ್ರಕಾರ ಅದೇ ಸರಿ, ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ನನ್ನ ಕೈ ಮಾತ್ರ ಮುಂದೆ ಬರಲಿಲ್ಲ.

ನಾನು ಆ ಗುಳಿಗೆಗಳನ್ನು ಚಾಪೆಯ ಮೇಲೆ ಇಟ್ಟೆ, ಪಕ್ಕದಲ್ಲಿ ಚೀಟಿ ಇಟ್ಟೆ.

"ಗಂಗವ್ವಾ, ಇಲ್ಲಿ ನೋಡ. ಇವು ಅವ ಗುಳಿಗಿ, ಬೆಳ್ಳಟ್ಟ್ಯಾಗ ನೀ ನುಂಗಿದ್ದು. ನಾ ‘ಇಲ್ಲ’ ಅಂತ ಬರದ್ರ ಇವನ್ನ ಇವತ್ತ ನಿನ್ನ ಕೈಯಾಗ ಕೊಡಬೇಕು. ‘ಕೇಳಿಲ್ಲ’ ಅಂತ ಬರದ್ರ ಇವನ್ನ ಕೊಡಾಂಗಿಲ್ಲ, ಬರೇ ಬಿಳಿ ಗುಳಿಗಿ ಕೊಡ್ತೀನಿ, ಅವು ಏನೂ ಮಾಡೂದಿಲ್ಲ. ನೀ ಬಾಯಿ ಬಿಟ್ಟು ಏನೂ ಹೇಳಬ್ಯಾಡ. ನಾ ಏನ್ ಬರೀಲಿ, ಅಷ್ಟ ಹೇಳು."

ಅವಳು ಗುಳಿಗೆಗಳನ್ನು ನೋಡಿದಳು. ಕಂಬಳಿಯನ್ನು ಎರಡೂ ಕೈಯಿಂದ ಹೊಟ್ಟೆಯ ಮೇಲೆ ಬಿಗಿಯಾಗಿ ಎಳೆದುಕೊಂಡಳು. ಒಳಗೆ ತಾಯಿ ಚಹಾ ಸೋಸುವ ಸದ್ದು ಕೇಳುತ್ತಿತ್ತು.

"ಕೇಳಿಲ್ಲ ಅಂತ ಬರೀರಿ, ಅಕ್ಕಾರ," ಎಂದಳು.

ಬರೆದೆ. ಐದು ದಿನದ ಗುಳಿಗೆ ತಿರುಗಿ ಚೀಲಕ್ಕೆ ಹಾಕಿದೆ, ಬಿಳಿ ಗುಳಿಗೆ ಕೊಟ್ಟೆ, ಚಹಾ ಕುಡಿದು ಎದ್ದೆ. ಅವಳ ತಾಯಿಗೆ ಏನೂ ಹೇಳಲಿಲ್ಲ, ಹೇಳುವುದು ನನ್ನ ಕೆಲಸವೂ ಆಗಿರಲಿಲ್ಲ. ಮರುದಿನ ಜೋಶಿ ಡಾಕ್ಟರು ಚೀಟಿ ನೋಡಿ ಹುಬ್ಬೇರಿಸಿದರು. "ಕೇಳ್ಲಿಕ್ಕಂತ ಹೋದಾಕಿ ‘ಕೇಳಿಲ್ಲ’ ಅಂತ ಬರ್ಕೊಂಡು ಬಂದೀರಲ್ಲ ಸರೋಜಾಬಾಯಿ?"

"ಹೌದ್ರಿ ಸಾಹೇಬ್ರ. ಬಸುರಿ ಅದಾಳ್ರಿ. ಬಿಳಿ ಗುಳಿಗಿ ವಾರಾ ವಾರಾ ನಡಸ್ಬೇಕು."

ಅವರು ನನ್ನ ಮುಖ ನೋಡಿದರು. ಸಹಿ ಹಾಕಿ, ಮುಳಗುಂದದ ಕಾರ್ಯಕರ್ತನಿಗೆ ವಾರದ ಗುಳಿಗೆ ತಪ್ಪಿಸಬೇಡ ಎಂದು ತಾವೇ ಹೇಳಿಕಳಿಸಿದರು.

ಮುಂದಿನ ತಿಂಗಳುಗಳಲ್ಲಿ ಮುಳಗುಂದದ ಬಸ್ಸು ಬಂದಾಗಲೆಲ್ಲ ನನಗೆ ಅದೇ ಯೋಚನೆ. ಕೇಳಲು ಬಾಯಿ ಬರಲಿಲ್ಲ, ಕೇಳಿದರೆ ಏನು ಕೇಳಿಸಿಕೊಳ್ಳಬೇಕಾದೀತೋ ಎಂಬ ಭಯ. ಒಂದು ಸಂತೆಯ ದಿನ ಗಂಗವ್ವನ ತಾಯಿ ಬುಟ್ಟಿ ಹೊತ್ತುಕೊಂಡು ಲ್ಯಾಬಿನ ಬಾಗಿಲಿಗೆ ಬಂದು ನಿಂತಳು.

"ನಮ್ಮ ಶಾಂತಿ ಹಡದಾಳ್ರಿ ಅಕ್ಕಾರ. ಹೆಣ್ಣ ಕೂಸು. ತಾಯಿ, ಮಗಳು ಇಬ್ರೂ ಗಟ್ಟಿ ಅದಾರ. ‘ಗದಗಿನ ಅಕ್ಕಾರಿಗೆ ಹೇಳಿ ಬಾ’ ಅಂದ್ಲು, ಅದಕ್ಕ ಬಂದೆ."

ತಲೆಯಾಡಿಸಿ, ತಿರುಗಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದೆ. ಎಷ್ಟು ತಿರುಗಿಸಿದರೂ ಸ್ಲೈಡು ನೆಟ್ಟಗೆ ಕಾಣಲಿಲ್ಲ, ಕಣ್ಣು ತುಂಬಿತ್ತು.